ಎರಡು ಸೆಂಟಿಮೀಟರ್ ಮರಳು

ದೂರು ಕಿಟಕಿಯ ಹಿಂದೆ ಇದು ನನ್ನ ಆರನೇ ಬೇಸಿಗೆ.
ಬಾಲ್ಟಿಕ್ ಕಡಲಿಗೆ ಬೆನ್ನು ಹಾಕಿ ಕೂರುತ್ತೇನೆ,
ಬರುವವರು ಕಡಲು ನೋಡುತ್ತ ಬಯ್ಯುತ್ತಾರೆ.

ಬಯ್ಗುಳಕ್ಕೂ ಒಂದು ವೇಳಾಪಟ್ಟಿಯಿದೆ.
ಹತ್ತಕ್ಕೆ: ನಿನ್ನೆ ಎಂಬತ್ತಿದ್ದ ಟಿಕೆಟ್ಟು ಇವತ್ತು ನೂರಾಹತ್ತು ಹೇಗಾಯಿತು,
ರಾತ್ರೋರಾತ್ರಿ ಜಯಂಟ್ ವೀಲಿಗೆ ಚಿನ್ನ ಬಳಿದಿರಾ?
ಹನ್ನೆರಡಕ್ಕೆ: ಗಾಳಿಯೆಂದು ರೋಲರ್ ಕೋಸ್ಟರ್ ನಿಲ್ಲಿಸಿದಿರಿ,
ದುಡ್ಡು ಈಸಿಕೊಳ್ಳುವಾಗ ಗಾಳಿ ಇರಲಿಲ್ಲವೇ?
ಮೂರಕ್ಕೆ ನೀರಿನ ಬಾಟಲಿ.
ಐದರ ಮೇಲೆ ಯಾರೂ ಬೆಲೆಯ ಮಾತೆತ್ತುವುದಿಲ್ಲ,
ಎಡಗಾಲಿನ ಒಂದು ಚಪ್ಪಲಿ ಸಿಕ್ಕಿದೆಯಾ ಎನ್ನುತ್ತಾರೆ.

ನನಗೆ ಕೊಟ್ಟಿರುವುದು ಮೂರು ವಾಕ್ಯ.
ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ.
ಬೆಲೆ ದಿನಕ್ಕೆ ತಕ್ಕಂತೆ ಬದಲಾಗುತ್ತದೆ.
ಫಾರಂ ಅಲ್ಲಿದೆ.
ಮೊದಲನೆಯದನ್ನು ಹೇಳುವಾಗ ತಲೆ ತುಸು ವಾಲಿಸಬೇಕೆಂದು
ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಆ ಮಂಗಳವಾರ ಬಂದ ಬೊಗುಮಿವಾ ಬಯ್ಯಲಿಲ್ಲ.
ತೊರುನ್‌ನಿಂದ ನಸುಕಿನ ರೈಲು ಹಿಡಿದು ಬಂದ ಅಜ್ಜಿ,
ಬ್ರೆಡ್ಡು, ಬೇಯಿಸಿದ ಮೊಟ್ಟೆ ತುಂಬಿದ ಬಟ್ಟೆಚೀಲ,
ಪಕ್ಕದಲ್ಲಿ, ಆಗಷ್ಟೇ ಅತ್ತು ಮುಗಿಸಿದ ಮೊಮ್ಮಗ ಟಿಮೆಕ್.
ಎರಡೂ ಟಿಕೆಟ್ಟನ್ನು ಕಟ್ಟೆಯ ಮೇಲೆ
ಔಷಧಿ ಚೀಟಿಯಂತೆ ಬಿಡಿಸಿಟ್ಟಳು:

"ಬಾಗಿಲಲ್ಲಿ ನಿಮ್ಮ ಮರದ ಜಿರಾಫೆ
ಇವನು ನೂರಿಪ್ಪತ್ತೊಂದು ಅಂದಿತು. ಪೂರ್ತಿ ಟಿಕೆಟ್ಟು ಕೊಂಡೆ.
ಒಳಗೆ ನಿಮ್ಮ ಮರದ ಕರಡಿ
ನೂರಾಹತ್ತೊಂಬತ್ತು ಅಂದಿತು. ಕೋಸ್ಟರಿಗೆ ಹತ್ತಿಸಲಿಲ್ಲ.
ಮೂವತ್ತು ವರ್ಷ ಬಟ್ಟೆ ಹೊಲಿದವಳು ನಾನು, ಮಗಳೇ.
ಒಂದು ಬೆಳಗಿನಲ್ಲಿ ಕುಗ್ಗುವುದು ಹತ್ತಿಬಟ್ಟೆ,
ಹುಡುಗರಲ್ಲ."

ತಲೆ ವಾಲಿಸಲು ಹೋದೆ. ಕುತ್ತಿಗೆ ಒಪ್ಪಲಿಲ್ಲ.

ಡ್ರಾಯರಿನಿಂದ ಟೇಪು ತೆಗೆದೆ, 'ಐದು ನಿಮಿಷ' ಬೋರ್ಡು ತೂಗುಹಾಕಿ ಎದ್ದೆ.
ನನ್ನ ಹಿಂದೆ ಅಜ್ಜಿ, ಅವಳ ಹಿಂದೆ ಹುಡುಗ,
ಅವನ ಹಿಂದೆ ಸಾಲಿನಲ್ಲಿದ್ದ ಏಳೆಂಟು ಜನ
ತಂತಮ್ಮ ದೂರು ಮರೆತು, ಇದೇನೋ ಹೊಸ ಆಟವೆಂಬಂತೆ.
ಇದಕ್ಕೆ ಟಿಕೆಟ್ಟಿರಲಿಲ್ಲ ನೋಡಿ.

ಜಿರಾಫೆಗೆ ಬೆನ್ನು ಕೊಟ್ಟು ನಿಂತ ಟಿಮೆಕ್. ಕತ್ತಿನ ಮೇಲಿನ ಅಂಕೆ: ನೂರಿಪ್ಪತ್ತೊಂದು.
ನೆತ್ತಿಯಿಂದ ಹಿಮ್ಮಡಿಗೆ ಟೇಪು ಇಳಿಬಿಟ್ಟೆ: ನೂರಾಹತ್ತೊಂಬತ್ತು.
"ಕರಡಿ ಸುಳ್ಳು ಹೇಳಲ್ಲ" ಎಂದ ಯಾರೋ.
ಮಂಡಿಯೂರಿ ಕೈಯಿಂದ ನೆಲ ಕೆರೆದೆ.
ಕಡಲಗಾಳಿ ತಂದು ಪೇರಿಸಿದ ಮರಳು,
ಸಾವಿರಾರು ಶೂಗಳು ತುಳಿದು ಸಿಮೆಂಟಿನಂತೆ ಗಟ್ಟಿ.
ಅದರಡಿಯಲ್ಲಿ ಜಿರಾಫೆಯ ಗೊರಸು ಕಂಡಿತು,
ಗೊರಸಿನ ಪಕ್ಕ, ಹೂತುಹೋಗಿದ್ದ ಒಂದು, ಎರಡು.

ಈಸ್ಟರಿನಿಂದ ಯಾರೂ ಗುಡಿಸಿರಲಿಲ್ಲ.
ಆ ಮರಳ ಮೇಲೆ ಎಷ್ಟು ಮಕ್ಕಳು ದೊಡ್ಡವರಾದರೋ.
ಹಿಂದಿದ್ದವನೊಬ್ಬ ತನ್ನ ಮೂವರು ಹೆಣ್ಣುಮಕ್ಕಳನ್ನು
ಬೆರಳಲ್ಲಿ ಲೆಕ್ಕ ಹಾಕತೊಡಗಿದ.

ಮ್ಯಾನೇಜರ್ ವೊಯ್ನಾರ್ ಬಂದರು, ಬಗ್ಗಿ ನೋಡಿದರು,
ನನ್ನ ಕಿವಿಯಲ್ಲಿ ಹೇಳಿದರು:
ಇವರಿಗೆ ಕೊಟ್ಟು ಕಳಿಸು. ಗುಡಿಸುವುದು ಬೀಗ ಹಾಕಿದ ಮೇಲೆ.

ನಲವತ್ತೈದು ಜ್ಲೋಟಿ. ಅಜ್ಜಿ ಎರಡು ಸಲ ಎಣಿಸಿ
ಮೊಟ್ಟೆಯ ಚೀಲದಲ್ಲೇ ಹಾಕಿಕೊಂಡಳು, "ದೇವರು ಒಳ್ಳೆಯದು ಮಾಡಲಿ" ಎಂದು
ನನಗೆ ಹೇಳಿದಳೋ, ಕರಡಿಗೋ ತಿಳಿಯಲಿಲ್ಲ.

ಹೊರಟವಳ ಕೈ ಬಿಡಿಸಿಕೊಂಡು ಬಂದ ಟಿಮೆಕ್.
ಕಿಟಕಿಗೆ ಅವನ ಹಣೆಯಷ್ಟೇ ಎಟುಕುತ್ತಿತ್ತು.
"ನಂದೂ ಒಂದು ಫಾರಂ."
ನೆಲದ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು ಬರೆದ,
ಎಲ್ಲ ದೊಡ್ಡ ಅಕ್ಷರಗಳಲ್ಲಿ:

ಬೆಳಿಗ್ಗೆ ನಾನು ನೂರಿಪ್ಪತ್ತೊಂದು ಇದ್ದೆ.
ಈ ಅಕ್ಕ ಕೆರೆದು ತೆಗೆದರು.
ಅಜ್ಜಿಯ ದುಡ್ಡು ನೀವೇ ಇಟ್ಟುಕೊಳ್ಳಿ. ಅದನ್ನು ವಾಪಸು ಕೊಡಿ.

'ನಷ್ಟದ ಮೊತ್ತ' ಎಂಬ ಚೌಕದಲ್ಲಿ: ೨.

ಮೊಹರು ಒತ್ತಿದೆ. ಮೂರು ವಾಕ್ಯಗಳಲ್ಲಿ
ಯಾವುದೂ ಬಾಯಿಗೆ ಬರಲಿಲ್ಲ.