ಚೆಕ್‌ರೋಲಿನ ಹಿಂದಿನ ಪುಟ

ಅಮ್ಮತ್ತಿಯಲ್ಲಿ ಬ್ಲೂಸ್ ಎಲ್ಲಿ ಎಂದು ಕೇಳಿದರೆ
ಮಿಕಿಮಿಕಿ ನೋಡುತ್ತಾರೆ.
ಪಲ್ಪರ್ ಮನೆಯ ಗಲಾಟೆ ಅನ್ನಿ,
ಬಸ್‌ಸ್ಟ್ಯಾಂಡಿನ ನಾಯಿಯೂ ದಾರಿ ತೋರಿಸುತ್ತದೆ.

ನಾನು ತೋಟದ ರೈಟರು.
ಬಂದವರಿಗೆ ಒಂದು ಗೀಟು,
ಅರ್ಧ ದಿನಕ್ಕೆ ಅರ್ಧ ಗೀಟು,
ಬಾರದವರಿಗೆ ಸೊನ್ನೆ.
ಅದೇ ಪುಸ್ತಕವನ್ನು ತಲೆಕೆಳಗು ಮಾಡಿ
ಹಿಂದಿನಿಂದ ತೆರೆದರೆ ನಮ್ಮ ಬ್ಯಾಂಡಿನ ಹಾಜರಿ:
ಶನಿವಾರ ಶನಿವಾರ,
ಮೂವತ್ತೊಂದು ವರ್ಷ.

ಮೊದಲ ಹೆಸರು ಪೆಮ್ಮಯ್ಯನದು.
ಪಟಾಲಂ ಬಿಟ್ಟು ಬರುವಾಗ ತಂದದ್ದು
ಒಂದು ಟ್ರಂಕು, ಒಂದು ಗಿಟಾರು, ಮೂರು ಕಾರ್ಡು.
ನಾಲ್ಕನೆಯದು ಕಲಿಸು ಮಾರಾಯ ಅಂದರೆ
"ಒಲೆ ಮೂರು ಕಲ್ಲಲ್ಲಿ ನಿಲ್ಲುತ್ತದೆ" ಅಂದ.

ಆಮೇಲೆ ಲಿಗೋರಿ, ಇಗರ್ಜಿಯ ಹಾರ್ಮೋನಿಯಂನವನು.
ಶನಿವಾರದ ಬೆರಳನ್ನು
ತೊಳೆದು ಒಯ್ಯುತ್ತಿದ್ದ ಭಾನುವಾರಕ್ಕೆ.
ಆಮೇಲೆ ಸಿದ್ದಾಪುರದ ಮೊಯ್ದು, ಮೆಣಸಿನ ವ್ಯಾಪಾರಿ,
ಮೌತ್ ಆರ್ಗನ್;
ಮಾತಿಗಿಂತ ಉಸಿರು ಜಾಸ್ತಿ,
ಉಸಿರಿಗಿಂತ ಬೀಡಿ ಜಾಸ್ತಿ.
ಆ ಒಂದು ಸ್ವರ ಯಾಕೆ ಹಾಗೆ ಜಾರುತ್ತದೆ ಅಂದಾಗ
ತೊಟ್ಟಿಯ ಕಡೆ ಕೈ ಮಾಡಿದ:
"ಬೀಜವನ್ನು ಒಂದು ರಾತ್ರಿ ಹೆಚ್ಚು ಬಿಟ್ಟ ಹಾಗೆ.
ಹುಳಿ ಬಂದಿದೆ, ಕೆಟ್ಟಿಲ್ಲ."

ಡ್ರಮ್ಮಿಗೆ ಯಾರೂ ಇರಲಿಲ್ಲ.
ಕಣದಲ್ಲಿ ಕಾಪಿ ಕೆದಕುತ್ತಿದ್ದ ಚೋಮನನ್ನು ಕರೆದೆವು.
ಡೀಸೆಲ್ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು
"ಯಾರು ಸತ್ತದ್ದು?" ಎಂದು ಕೇಳಿದ.
ಯಾರೂ ಇಲ್ಲ ಅಂದೆವು.
"ಹಾಗಾದರೆ ಅವಸರ ಇಲ್ಲ" ಎಂದು
ಬಾರಿಸತೊಡಗಿದ, ಒಂದು ಎಳೆ ತಡವಾಗಿ.
ಆ ತಡದಲ್ಲಿ ನಾವು ನಾಲ್ವರೂ
ಮೊದಲ ಬಾರಿ ಬ್ಯಾಂಡಾದೆವು.

ಲಿಗೋರಿ ಮಸ್ಕತ್ತಿಗೆ ಹೋದ.
ಅವನ ಜಾಗಕ್ಕೆ ಬೈಲುಕುಪ್ಪೆಯಿಂದ ಲೋದೊ,
ಸ್ವೆಟರ್ ಮಾರಲು ಬಂದವನು ಹನ್ನೊಂದು ವರ್ಷ ಉಳಿದ.
ಹಾಡಲು ಬೊಳ್ಳಮ್ಮ, ಗೋಣಿಕೊಪ್ಪದ ಡ್ರಿಲ್ ಮೇಡಂ;
ಸೀಟಿ ಊದಿ ಊದಿ ಗಂಟಲು ಒರಟಾಗಿತ್ತು,
ನಮಗೆ ಅದೇ ಬೇಕಿತ್ತು.
ಅವಳನ್ನು ಮದುವೆ ವಾಲಗದವರು ಎಳೆದುಕೊಂಡರು,
ಅವರು ದುಡ್ಡು ಕೊಡುತ್ತಿದ್ದರು.
ಒಂದು ಆಂಪ್ಲಿಫೈಯರನ್ನು ಆನೆ ತುಳಿಯಿತು.
ಅದರ ಹೆಸರಿನ ಮುಂದೆಯೂ ಸೊನ್ನೆ ಹಾಕಿದೆ.
ಮೊಯ್ದುವಿನ ಶ್ವಾಸಕೋಶ ಕೈಕೊಟ್ಟಿತು.
ಮಗ ಬಂದ ಅದೇ ಮೌತ್ ಆರ್ಗನ್ ಹಿಡಿದು,
ಎರಡು ಶನಿವಾರ ಬಂದ,
ಅಪ್ಪನ ಎಂಜಲಿನ ರುಚಿ ಇದೆ ಎಂದು
ಮೇಜಿನ ಮೇಲೆ ಇಟ್ಟು ಹೋದ.

ಪೆಮ್ಮಯ್ಯನ ಮನೆಯಿಂದ
ಒಂದು ಬೆಳಿಗ್ಗೆ ಎರಡು ಗುಂಡು ಕೇಳಿಸಿತು.
ಒಂದಾದರೆ ಹುಟ್ಟು. ಎರಡನೆಯದು ಬಾರದಿರಲಿ ಎಂದು
ಕಾದದ್ದು ಎಷ್ಟು ಹೊತ್ತು?
ಒಂದು ತಾಳದಷ್ಟೂ ಇಲ್ಲ.
ಆ ಶನಿವಾರ ಚೋಮ ಏನೂ ಕೇಳದೆ
ಡಬ್ಬದ ಮುಂದೆ ಕೂತ.

ಈಗ ಗಿಟಾರು ಚೋಮನ ಮೊಮ್ಮಗಳು ಪಾರುವಿನದು.
ಅವಳಿಗೆ ಹನ್ನೊಂದು ಕಾರ್ಡು ಬರುತ್ತದೆ,
ಮೂರೇ ಬಳಸುತ್ತಾಳೆ.
ಮೊನ್ನೆ ಕರೆಂಟು ಹೋಗಿ
ಮೇಣದ ಬತ್ತಿಯಲ್ಲಿ ಕೂತಿದ್ದಾಗ
ಹಳೆಯ ಪುಸ್ತಕಗಳನ್ನು ತೆಗೆದಳು,
ನಾವು ತೆರೆಯುವ ಕಡೆಯಿಂದಲ್ಲ,
ಸಂಬಳ ಕೊಡುವ ಕಡೆಯಿಂದ.

ಎರಡೂ ಕಡೆ ಹೆಸರಿದ್ದವನು ಚೋಮನೊಬ್ಬನೇ.
ಶನಿವಾರ ಮಧ್ಯಾಹ್ನ
ಹಿಂದಿನ ಪುಟದಲ್ಲಿ ಪೂರ್ತಿ ಗೀಟು,
ಮುಂದಿನ ಪುಟದಲ್ಲಿ ಅರ್ಧ.
ಕೈ ಒಂದೇ. ಪೆನ್ನೂ ಒಂದೇ.
ದೊರೆ ಹೇಳಿರಲಿಲ್ಲ,
ಪುಸ್ತಕ ಸರಿ ಇರಬೇಕಲ್ಲ ಎಂದು
ನಾನೇ ಕತ್ತರಿಸಿದ್ದು.

ಅವಳು ಬೆರಳಿಟ್ಟು ಎಣಿಸಿದಳು.
ಬತ್ತಿ ಅರ್ಧ ಉರಿಯಿತು.
ಚೋಮ ಗೋಡೆಗೊರಗಿ ಎಲೆಯಡಿಕೆ ಜಗಿಯುತ್ತಿದ್ದ,
ಇದು ಗೊತ್ತಿತ್ತು ಎಂಬಂತೆಯೂ ಅಲ್ಲ,
ಗೊತ್ತಿರಲಿಲ್ಲ ಎಂಬಂತೆಯೂ ಅಲ್ಲ.

"ನಾನೂರ ಹನ್ನೆರಡು ಅರ್ಧ, ರೈಟರೇ."

ನನ್ನ ಬೇಸ್ ಗಿಟಾರಿನ ದಪ್ಪ ತಂತಿ
ಯಾರೂ ಮುಟ್ಟದೆಯೇ ಸ್ವಲ್ಪ ಗುಂಯ್ ಅಂದಿತು.
ಏನಾದರೂ ಹೇಳಲು ಬಾಯಿ ತೆರೆದೆ.
ಅಷ್ಟರಲ್ಲಿ ಕರೆಂಟು ಬಂತು.
ಅವಳು ಪುಸ್ತಕ ಮುಚ್ಚದೆ
ಗಿಟಾರು ತೊಡೆಗೆ ಎಳೆದುಕೊಂಡು
"ಇ‌ಯಲ್ಲಿ ಶುರು ಮಾಡಿ" ಎಂದಳು,
"ಈ ಸಲ ನಿಧಾನಕ್ಕೆ.
ಅಜ್ಜ ಬರುವವರೆಗೆ ಕಾಯಿರಿ."