ನಡುವೆ ಒಬ್ಬ ದಲ್ಲಾಳಿ

ಫೋನು ಬಂದದ್ದು ರಾತ್ರಿ ಒಂಬತ್ತೂಕಾಲಿಗೆ.
ಚಿಂತಾಮಣಿಯಿಂದ ಶ್ರೀನಿವಾಸಪುರದವರೆಗೂ
ತೋತಾಪುರಿ ಲಾರಿಗಳ ಹಿಂಬದಿ,
ಹುಳಿ ವಾಸನೆ ಹೆಲ್ಮೆಟ್ಟಿನೊಳಕ್ಕೂ.

ಮಂಡಿಯ ತೂಕದ ಕೋಣೆಯಲ್ಲಿ ಪಿಳ್ಳಪ್ಪ
ಮಾನಿಟರಿನ ತಲೆ ಮೇಲೆ ಕೈಯಿಟ್ಟು ಕೂತಿದ್ದ,
ಜ್ವರ ನೋಡುವವನ ಹಾಗೆ.
"ಹೊಸಾ ಪೆಟ್ಟಿಗೆ ಬಂದಾಗಿಂದ ಇದರ ಮಾತೇ ನಿಂತೋಗೈತೆ ಸಾಮಿ.
ತೂಕ ಆಯ್ತದೆ, ಚೀಟಿ ಬತ್ತದೆ,
ಆಫೀಸಿಗೆ ಮಾತ್ರ ಓಗಲ್ಲ."

ಹೊರಗೆ ಹನ್ನೊಂದು ಲಾರಿ.
ಚಿತ್ತೂರಿನ ಡ್ರೈವರೊಬ್ಬ ಕಿಟಕಿಗೆ ಮುಖವಿಟ್ಟು: "ಎಂತಸೇಪು?"
"ಕೊಂಚೆಂ ಆಗಪ್ಪಾ" ಅಂದ ಪಿಳ್ಳಪ್ಪ,
ನನ್ನ ಕಡೆ ತಿರುಗಿ ಕನ್ನಡದಲ್ಲಿ ನಿಟ್ಟುಸಿರಿಟ್ಟ.

ಮೊದಲು ತಂತಿ. ಯಾವಾಗಲೂ ಮೊದಲು ತಂತಿಯೇ.
ಸೊನೆ ಮೆತ್ತಿದ ಕಡೆ ಕೆಂಪಿರುವೆ ಸಾಲು,
ಇಲಿ ಹಲ್ಲಿನ ಗುರುತು; ಒಳಗಿನ ತಾಮ್ರ ಗಟ್ಟಿ.
ಪಿಂಗ್ ಮಾಡಿದೆ. ನಾಲ್ಕಕ್ಕೆ ನಾಲ್ಕೂ ಓಗೊಟ್ಟವು.
ಕರೆ ಕೇಳಿಸುತ್ತಿದೆ, ಬಾಗಿಲು ತೆಗೆಯುತ್ತಿಲ್ಲ.

ಆಮೇಲೆ ಗಡಿಯಾರ. ಯಂತ್ರಕ್ಕೆ ಅಂದು
ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದು.
ಒಳಗಿನ ಬಿಲ್ಲೆ ಸೆಲ್ಲು ಸತ್ತು ಎಷ್ಟು ಕಾಲವಾಗಿತ್ತೋ,
ದಿನಾ ಬೆಳಗ್ಗೆ ಅದೇ ಹೊಸ ವರ್ಷಕ್ಕೆ ಏಳುತ್ತಿತ್ತು.
ಪಿಳ್ಳಪ್ಪ ಯಾರಿಗೂ ಹೇಳದೆ
ಪ್ರತಿ ಚೀಟಿಯ ತಾರೀಖನ್ನೂ ಪೆನ್ನಿನಲ್ಲಿ ತಿದ್ದುತ್ತಿದ್ದ.
ಸೆಲ್ಲು ಬದಲಿಸಿದೆ. ಬಾಗಿಲು ಆಗಲೂ ತೆಗೆಯಲಿಲ್ಲ.

ಕೊನೆಗೆ ಸರ್ವರಿನ ಲಾಗು ಬಿಚ್ಚಿ ಓದಿದೆ.
ಹಳೆಯದು ಕೇಳಿದೆ: ನನಗೆ ಬರುವ ಮಾತು ಇಷ್ಟು, ಯಾವುದಾದೀತು?
ಹೊಸದು ಹೇಳಿದೆ: ಯಾವುದೂ ಇಲ್ಲ.
ಅಷ್ಟೇ. ಬೈಗುಳವಿಲ್ಲ.
ದನದ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿಯುವ ಮೊದಲೇ
ಎದುರಿನವನು ಕೈ ಎಳೆದುಕೊಂಡ ಹಾಗೆ.

ಇದಕ್ಕೆ ನಮ್ಮ ಪುಸ್ತಕದಲ್ಲಿ ಡಯಲೆಕ್ಟ್ ಅಂತಲೇ ಹೆಸರು.
ನಗು ಬಂತು. ಈ ಸೀಮೆಯವನಿಗೆ ಇದನ್ನು ಯಾರು ವಿವರಿಸಬೇಕು?
ಮನೇಲಿ ತೆಲುಗು, ಶಾಲೇಲಿ ಕನ್ನಡ, ಗ್ಯಾರೇಜಿನಲ್ಲಿ ಉರ್ದು,
ಮೈಸೂರಿನ ಹಾಸ್ಟೆಲಿನಲ್ಲಿ ಬಾಯಿ ತೆರೆದರೆ
ಮೂರೂ ಅಲ್ಲ ಅಂದಿದ್ದರು.

"ಹೊಸದಕ್ಕೇ ಹಳೇ ಮಾತು ಕಲಿಸಿಬಿಡಿ, ಏನು ಗಂಟೋಗ್ತದೆ?"
ಒಂದು ಗುರುತು ಹಾಕಿದರೆ ಸಾಕು. ಬೆರಳು ಅಲ್ಲಿಗೇ ಹೋಗಿತ್ತು.
ಆದರೆ ಆ ಬಾಗಿಲಿನಿಂದಲೇ ಒಂದು ಸಲ ಕಳ್ಳ ನುಗ್ಗಿ
ಮುಳಬಾಗಿಲಿನ ಹಾಲಿನ ಲೆಕ್ಕಕ್ಕೆಲ್ಲ ಬೀಗ ಜಡಿದು
ಚಾವಿಗೆ ಹಣ ಕೇಳಿದ್ದ.
ಮೂರು ದಿನ ಅಲ್ಲೇ ಕೂತಿದ್ದೆ ನಾನು. ಏನೂ ಸಿಗಲಿಲ್ಲ.
ಹಳೆಯದನ್ನು ಎಸೆಯೋಣವೆಂದರೆ
ತಕ್ಕಡಿಯ ಒಂಬತ್ತು ಸೂಜಿಯ ಪ್ಲಗ್ಗಿಗೆ ಹೊಸ ಯಂತ್ರದಲ್ಲಿ ತೂತಿಲ್ಲ,
ತಂತ್ರಾಂಶ ಬರೆದವನು ಎಲ್ಲಿದ್ದಾನೋ.

ಮಂಡಿಯೊಳಗೇ ಕೂತು ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ!
ಬ್ಯಾಗಿನ ತಳದಲ್ಲಿ ಅಂಗೈಯಗಲದ ಬೋರ್ಡು, ಯಾರೋ ಬೇಡವೆಂದದ್ದು.
ಅದಕ್ಕೆ ಎರಡೂ ಬರುತ್ತದೆ.
ಒಂದು ಕಿವಿ ಹಳೆಯದಕ್ಕೆ, ಮೊಳದುದ್ದದ ತಂತಿಯಲ್ಲಿ,
ಆ ಮಾತು ಅಲ್ಲಿಂದಾಚೆ ಹೋಗದಂತೆ.
ಇನ್ನೊಂದು ಆಫೀಸಿನ ಕಡೆಗೆ.
"ದಲ್ಲಾಳಿ ಇಟ್ಟಿದ್ದೀನಿ" ಅಂದೆ.
"ಕಮಿಷನ್ನು?" ಅಂದ ತಟ್ಟನೆ.
"ಚೂರು ಕರೆಂಟು."

ಪರೀಕ್ಷೆಗೆ ತೂಗಬೇಕಲ್ಲ. ಲಾರಿ ಹತ್ತಿಸಲು ಧೈರ್ಯ ಸಾಲದೆ
ಬೈಕ್ ಸಮೇತ ನಾನೇ ಹಲಗೆ ಮೇಲೆ ನಿಂತೆ.
ಇನ್ನೂರ ಇಪ್ಪತ್ತು ಕೆಜಿ.
ಆಫೀಸಿನಿಂದ ಗುಮಾಸ್ತೆ ಕೂಗಿದಳು:
"ಬಂತು! ಆದ್ರೆ ಹೆಸರು ಅರ್ಧ."

ಹಳೆಯದಕ್ಕೆ ಉದ್ದ ಹೆಸರು ಹಿಡಿಸುವುದಿಲ್ಲ.
ಮುನಿವೆಂಕಟಪ್ಪ, ಮುನಿವೆಂಕಟಮ್ಮ, ಮುನಿವೆಂಕಟರಾಯಪ್ಪ,
ಎಲ್ಲರೂ ಅಲ್ಲಿ ಬರೀ ಮುನಿವೆ, ಪಕ್ಕದಲ್ಲೊಂದು ಅಲೆಗೆರೆ, ಒಂದು ಅಂಕಿ.
ಈ ಸಲ ಹದಿನಾಲ್ಕು ಮುನಿವೆಗಳು.
ಯಾರ ಹಣ್ಣು ಯಾವುದೆಂಬುದು ಪಿಳ್ಳಪ್ಪನಿಗೆ ಬಾಯಿಪಾಠ.
"ಇದನ್ನೂ ಸರಿ ಮಾಡ್ಲಾ?"
"ಬ್ಯಾಡ ಬಿಡಿ," ಅಂದ, "ಒಂದಾದ್ರೂ ನನ್ನತ್ರ ಇರ್ಲಿ."

ಮೊದಲ ಲಾರಿ ಹಲಗೆ ಹತ್ತಿತು, ಕೋಣೆ ಅದುರಿತು.
ಚೀಟಿ ಮಡಚಿ ಜೇಬಿಗಿಟ್ಟೆ:
ಅಶ್ವತ್ ~ ೧
ಸರಕು: ತೋತಾಪುರಿ
ತಾರೀಖು ಸರಿಯಿತ್ತು.