ಚಟ್ನಿ ಜೊತೆಗಿರ್ಲಿ

ನಮ್ಮ ಡ್ರೈವರಿಗೆ ಸರ್ಕಾರ ಇಟ್ಟ ಹೆಸರು ಪೈಲಟ್.
ಬೋರಲಿಂಗ ನಗುತ್ತಾನೆ:
"ನಾನು ನೆಲದ್ ಮೇಲೇ ಓಡ್ಸೋದು ಸಿಸ್ಟರ್,
ಮೇಲಕ್ಕೆ ಹೋಗೋರೆಲ್ಲ ಹಿಂದ್ಗಡೆ ಸೀಟ್ನೋರು."
ಒಂಬತ್ತು ವರ್ಷದಿಂದ ಇದೇ ಜೋಕು.
ಒಂಬತ್ತು ವರ್ಷದಿಂದ ನಗುತ್ತೇನೆ,
ಕೈಗವಸು ತೊಡುವಾಗ ಚಟ್ ಎನ್ನುವ ಸದ್ದಿನ ಹಾಗೆ;
ಅದಾದಮೇಲೇ ಕೈ ಕೆಲಸಕ್ಕಿಳಿಯುವುದು.

ಮಂಡ್ಯದ ರಾತ್ರಿಗೆ ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ವಾಸನೆ.
ಗಾಡಿ ನಿಲ್ಲಿಸಿಕೊಂಡು ಪಂದ್ಯ ಕಟ್ಟುತ್ತೇವೆ:
ಮುಂದಿನ ಕರೆ ನಾಲೆಯೋ, ಹೈವೇಯೋ,
ಗಂಡ ಹೆಂಡಿರ ಜಗಳದ ಇಲಿಪಾಷಾಣವೋ.
ಸೋತವರು ಮದ್ದೂರು ವಡೆ ಕೊಡಿಸಬೇಕು.
ಹೆರಿಗೆ ಬಂದರೆ ಪಂದ್ಯ ರದ್ದು,
ಸಿಹಿ ಆ ಮನೆಯವರದೇ:
ಗಂಡಾದರೆ ಪೇಡ,
ಹೆಣ್ಣಾದರೆ ಅಂಗಡಿ ಮುಚ್ಚಿದೆ ಎನ್ನುತ್ತಾರೆ.

ಮಕ್ಕಳ ಮೇಲೆ ಕಟ್ಟುವುದಿಲ್ಲ.
ಯಾರೂ ಹೇಳಿದ ನಿಯಮವಲ್ಲ.
ಹೋದ ಯುಗಾದಿಯ ಮಾರನೆಯ ದಿನ ವಿಸಿ ನಾಲೆಯಿಂದ
ಆಸ್ಪತ್ರೆವರೆಗೂ ಬೋರಲಿಂಗ ಸೈರನ್ ಹಾಕಿಯೇ ಓಡಿಸಿದ,
ಅವಸರವೇ ಇಲ್ಲದ ಗಾಡಿಗೆ.
ಆರಿಸು ಎನ್ನಲಿಲ್ಲ ನಾನು.

ಚಳಿಗಾಲ, ರಾತ್ರಿ ಒಂದೂಮುಕ್ಕಾಲು.
ಕಬ್ಬಿನ ಟ್ರ್ಯಾಕ್ಟರ್ ಮಗುಚಿದೆ.
ಲ್ಯಾಂಡ್‌ಮಾರ್ಕ್ ಏನು ಎಂದರೆ
"ಕತ್ಲೆ" ಎಂದರಂತೆ ಫೋನಿನಲ್ಲಿ.
ಕಬ್ಬಿನಡಿಯಿಂದ ಎಳೆದೆವು ಚನ್ನಂಕೇಗೌಡರನ್ನು,
ವಯಸ್ಸು ಎಪ್ಪತ್ತೊಂದು,
ಎದೆಗೆ ಕೈಯಿಟ್ಟರೆ ಪಕ್ಕೆಲುಬುಗಳ ಗಲಗಲ.
ಬಿಪಿ ಯಂತ್ರ ಹುಡುಕಿತು, ಹುಡುಕಿತು,
ಕೊನೆಗೆ ತಪ್ಪು ತನ್ನದೇ ಎಂದು ಒಪ್ಪಿಕೊಂಡಿತು.

ಬೋರಲಿಂಗ ತಿರುಗದೆ ಕೇಳಿದ, "ಗೇಟ್ ದಾಟ್ತದಾ?"
ಮೆಲ್ಲಗೇ ಅಂದೆ, "ಇಲ್ಲ. ಒಂದ್ ವಡೆ."

ಆಕ್ಸಿಜನ್ ಮಾಸ್ಕಿನ ಮೇಲೆ
ಒಂದು ಕಣ್ಣು ತೆರೆಯಿತು.
"ನಂದೂ ಒಂದ್ ಬರ್ಕಳವ್ವ.
ದಾಟ್ತೀನಿ."

ನನ್ನ ಮುಖದ ರಕ್ತ ಎಲ್ಲಿಗಿಳಿಯಿತೋ,
ಬಾಟಲಿಗೆ ಇಳಿದಿದ್ದರೆ ಅವರಿಗೇ ಏರಿಸಬಹುದಿತ್ತು.
ತಪ್ಪಾಯ್ತು ಗೌಡ್ರೇ, ಎಂದೆ.
"ಬುಡು," ಎಂದರು. "ಚಟ್ನಿ ಜೊತೆಗಿರ್ಲಿ."

ಗೇಟು ಹಾಕಿತ್ತು.
ಗೂಡ್ಸ್ ರೈಲು. ಮೂವರೂ ಡಬ್ಬಿ ಎಣಿಸಿದೆವು.
ನಲವತ್ತರ ಹತ್ತಿರ ಗೌಡರು ತಪ್ಪಿದರು,
ನಲವತ್ತಾರಕ್ಕೆ ಮತ್ತೆ ಸೇರಿಕೊಂಡರು.
ಐವತ್ತೆಂಟು.
ಕಂಬ ಮೇಲೆದ್ದಿತು. ಹಳಿಯ ಮೇಲೆ ಗಾಡಿ ಎರಡು ಸಲ ಕುಲುಕಿತು.
ಆಚೆಗೆ ಬಂದೆವು.
ಆಚೆ ಎಷ್ಟು ದೂರ, ನನಗೆ ಗೊತ್ತಿಲ್ಲ.
ಅಷ್ಟು ಹೊತ್ತಿಗೆ ಎದೆ ಒತ್ತುತ್ತ
ನಾನು ಎಣಿಸುತ್ತಿದ್ದದ್ದು ಬೇರೆ ಲೆಕ್ಕ.

ರಿಜಿಸ್ಟರಿನಲ್ಲಿ: ದಾರಿಯಲ್ಲಿ, ಎರಡು ನಲವತ್ತು.
ಗೇಟಿಗೆ ಮುಂಚೆಯೋ ನಂತರವೋ ಎಂಬ ಕಾಲಂ ಇಲ್ಲ.
ಶವಾಗಾರದ ಪಾಪಯ್ಯ ಬೀಗ ತೆಗೆಯುತ್ತ
"ಬುಕಿಂಗ್ ಇತ್ತಾ?" ಎಂದ, ಎಂದಿನಂತೆ.
ನಾವು ನಗಲಿಲ್ಲ.
ಅವನಿಗೆ ಬೇಜಾರಾಯಿತು ಪಾಪ.

ಬೆಳಿಗ್ಗೆ ಬೋರಲಿಂಗ ಬಸ್‌ಸ್ಟ್ಯಾಂಡಿನಿಂದ ಮೂರು ವಡೆ ತಂದ.
ಒಂದನ್ನು ಪೇಪರಿನ ಸಮೇತ ಬಾನೆಟ್ಟಿನ ಮೇಲಿಟ್ಟ,
ಪಕ್ಕಕ್ಕೆ ಚಟ್ನಿ.
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಎರಡು ತುತ್ತು ಮುಗಿಯುವಷ್ಟರಲ್ಲಿ ಕಾಗೆ ಬಂತು,
ಕರೆಯದೆ, ವಿಳಾಸ ಕೇಳದೆ.
ಬೋರಲಿಂಗ ವಾಚು ನೋಡಿಕೊಂಡ.
"ನಲವತ್ತು ಸೆಕೆಂಡು, ಸಿಸ್ಟರ್.
ನಮ್ ಗಾಡಿ ಯಾವತ್ತಾದ್ರೂ ಇಷ್ಟ್ ಬೇಗ ಹೋಗಿದ್ದುಂಟಾ?"

ನಕ್ಕೆ. ಅಳ್ಳೆ ಹಿಡಿದುಕೊಂಡು ನಕ್ಕೆ,
ಚಟ್ನಿಯ ಖಾರ ಮೂಗಿಗೇರಿತು.
ಟೀ ಅಂಗಡಿಯವನು ನಮ್ಮನ್ನೂ ಗಾಡಿಯನ್ನೂ ನೋಡಿ
"ಏನ್ ಜನಾನಪ್ಪಾ" ಅಂದ.

ಪಂದ್ಯ ಸೋತವಳು ನಾನು.
ಆ ಮೂರನೆಯ ವಡೆಯ ದುಡ್ಡನ್ನು
ಬೋರಲಿಂಗ ಇನ್ನೂ ಕೇಳಿಲ್ಲ.